ಹಾಲು ತರುತ್ತಿದ್ದ ಎಡಗೈ

ಮತ ಹಾಕಲು ಹೋದ ದಿನ ಮಾವನ ಎಡಗೈ ಬೆರಳು ಬಿಟ್ಟುಕೊಂಡಿತೋ ಇಲ್ಲವೋ, ನನಗೆ ಖಚಿತವಾಗಿ ಗೊತ್ತಿಲ್ಲ. ಬಿಟ್ಟುಕೊಂಡಿತು ಎಂಬ ಚಿತ್ರವೊಂದು ತಲೆಯಲ್ಲಿದೆ. ಶಾಲೆಯ ಕೊಠಡಿ, ಮಕ್ಕಳ ಅಳತೆಯ ಡೆಸ್ಕು, ಅದರ ಮೇಲೆ ಮಸಿಯ ಪುಟ್ಟ ಸೀಸೆ. ಆಚೆ ಕೂತ ಮಹಿಳೆಯೊಬ್ಬರು ಮಾವನ ಮುಷ್ಟಿಯೊಳಗಿಂದ ತೋರುಬೆರಳನ್ನು ಸಲೀಸಾಗಿ ಬಿಡಿಸಿ ಉಗುರಿನ ಮೇಲೆ ಗೆರೆ ಎಳೆಯುತ್ತಾರೆ. ಮಾವ ಮುಖ ಕಿವುಚುವುದಿಲ್ಲ. ಇಷ್ಟೇ. ಆದರೆ ಇದನ್ನು ಎಷ್ಟು ಸಲ ತೆಗೆದು ನೋಡಿದ್ದೇನೆಂದರೆ, ಇದರಲ್ಲಿ ಕಂಡದ್ದೆಷ್ಟು, ಆಮೇಲೆ ನಾನೇ ಸೇರಿಸಿದ್ದೆಷ್ಟು ಎಂದು ಹೇಳಲಾರೆ. ಆ ಕೊಠಡಿಯ ಕಿಟಕಿಯಾಚೆ ಒಂದು ಹೊಂಗೆ ಮರ ಇತ್ತೆಂದು ಬಹಳ ದಿನ ನಂಬಿದ್ದೆ. ಒಮ್ಮೆ ಆ ಶಾಲೆಯ ಮುಂದೆ ಹಾದುಹೋಗುವಾಗ ನಿಂತು ನೋಡಿದರೆ, ಆ ಕಡೆ ಬರೀ ಕಾಂಪೌಂಡು ಗೋಡೆ.

ಯಾವ ಬೆರಳಿಗೆ ಮಸಿ ಹಚ್ಚಿದರೆ ಏನಂತೆ ಎಂದು ಯಾರಾದರೂ ಕೇಳಬಹುದು. ಪಾರ್ಶ್ವವಾಯುವಿನಿಂದ ಬಿಗಿದುಹೋಗಿದ್ದ ಆ ಕೈಗೆ ಮತ್ತೊಮ್ಮೆ ಇಂಜೆಕ್ಷನ್ ಹಾಕಿಸುವುದೋ ಬೇಡವೋ, ಹಾಕಿಸಿದರೆ ಎಷ್ಟು ಎನ್ನುವುದು ಕೊನೆಗೆ ಈ ಒಂದು ನೆನಪಿನ ಮೇಲೆ ಬಂದು ನಿಂತಿತು. ಅದೂ ನನ್ನ ನೆನಪಿನ ಮೇಲೆ.

ನಾನು ಚಿಕ್ಕಬಾಣಾವರದ ಆಚೆ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಒಂದೇ ಸಲ ಕಂಡದ್ದನ್ನು ನಂಬಬೇಡಿ, ಕಂಡವರು ಯಾರು, ಅವರಿಗೆ ಏನು ಕಾಣಬೇಕಿತ್ತು ಎಂದು ಮೊದಲು ಕೇಳಿ ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ. ಹೇಳಿ ಹೇಳಿ ಅದು ನನ್ನ ಮೈಗೇ ಅಂಟಿಕೊಂಡಿದೆ. ಗ್ಯಾಸ್ ಆರಿಸಿದೆನೇ ಎಂದು ಬೀದಿಯ ಕೊನೆಯಿಂದ ವಾಪಸು ಬರುತ್ತೇನೆ. ವಾಪಸು ಬಂದು ನೋಡಿದ್ದು ಇವತ್ತೋ ನಿನ್ನೆಯೋ ಎಂದು ಬಸ್ಸಿನಲ್ಲಿ ಕೂತು ಯೋಚಿಸುತ್ತೇನೆ. "ನಿಮ್ ಬಾಯಿಂದ ಒಂದು 'ಹೌದು' ಅನ್ನಿಸ್ಬೇಕಾದ್ರೆ ಅರ್ಜಿ ಹಾಕ್ಕೊಂಡು ಕಾಯ್ಬೇಕು ಕಣ್ರೀ" ಎನ್ನುತ್ತಾಳೆ ಹೆಂಡತಿ.

ನಾವಿರುವುದು ಮಾವನ ಮನೆಯಲ್ಲಿ. ಸರ್ಕಾರಿ ಕಾರ್ಖಾನೆಯೊಂದರ ನೌಕರರು ಸೇರಿ ಮಾಡಿಕೊಂಡ ಹಳೆಯ ಲೇಔಟು ಅದು. ಅತ್ತೆ ತೀರಿಕೊಂಡ ಮೇಲೆ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದೆವು. ಮಾವ ನನ್ನನ್ನು ಎದುರಿಗೆ 'ಅಳಿಯಂದ್ರೇ' ಎನ್ನುತ್ತಿದ್ದರು, ಛೇಡಿಸುವಾಗ 'ಮೇಷ್ಟ್ರೇ'. ಮಾಗಡಿ ಕಡೆಯ ಹಳ್ಳಿಯಿಂದ ಬಂದು, ಪೀಣ್ಯದ ಪಕ್ಕದ ಆ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ಲೇತ್ ನಡೆಸಿದವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಲಗೈ ತೋರುಬೆರಳು ಪ್ರೆಸ್ ಯಂತ್ರಕ್ಕೆ ಸಿಕ್ಕಿ, ಆಮೇಲೆ ಅದರ ಉಗುರು ನಡುವೆ ಸೀಳಿಕೊಂಡು ಎರಡು ಪಾಲಾಗಿಯೇ ಬೆಳೆಯುತ್ತಿತ್ತು. ಎಡಗೈಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ಸ್ಟ್ರೋಕ್ ಹೊಡೆದದ್ದು ಆ ಒಳ್ಳೆಯ ಕೈಗೆ.

ಮೊದಲ ತಿಂಗಳುಗಳಲ್ಲಿ ಆ ಕೈ ಒದ್ದೆ ಟವೆಲಿನಂತೆ ಜೋತುಬಿದ್ದಿತ್ತು. ಕಾಲು ಸ್ವಲ್ಪ ಸ್ವಲ್ಪ ಬಂತು, ಕೋಲು ಹಿಡಿದು ಬೀದಿಯ ಕೊನೆಯವರೆಗೆ ನಡೆಯುವಷ್ಟು. ಕೈ ಕೂಡ ಬರುತ್ತಿದೆ ಎಂದು ನಾವು ಖುಷಿಪಟ್ಟೆವು, ಏಕೆಂದರೆ ಬೆರಳುಗಳು ಮೆಲ್ಲಗೆ ಮಡಚಿಕೊಳ್ಳತೊಡಗಿದ್ದವು. ಅವು ಮಡಚಿಕೊಳ್ಳುತ್ತಲೇ ಹೋದವು. ಮಣಿಕಟ್ಟು ಒಳಕ್ಕೆ ಬಾಗಿತು, ಹೆಬ್ಬೆರಳು ಅಂಗೈಯೊಳಗೆ ಸೇರಿಕೊಂಡು ಉಳಿದ ಬೆರಳು ಅದರ ಮೇಲೆ ಮುಚ್ಚಿಕೊಂಡವು. ಮಾವ ಅದಕ್ಕೆ 'ಚಕ್' ಎಂದು ಹೆಸರಿಟ್ಟರು. ಲೇತಿನಲ್ಲಿ ಕಬ್ಬಿಣದ ತುಂಡನ್ನು ಕಚ್ಚಿ ಹಿಡಿದು ತಿರುಗಿಸುವ ಭಾಗಕ್ಕೆ ಆ ಹೆಸರು. ಅದನ್ನು ಬಿಡಿಸಲು ಒಂದು ಕೀ ಇರುತ್ತದೆ. ಯಾರು ಮಾತಾಡಿಸಿದರೂ, "ಚಕ್ ಕಚ್ಕೊಂಡೈತೆ, ಕೀ ಎಲ್ಲೋ ಕಳ್ದೋಗೈತೆ" ಎನ್ನುವರು.

ಕೈ ತೊಳೆಯುವುದು ಹೆಂಡತಿಯ ಕೆಲಸ. ಬಿಸಿನೀರಿನಲ್ಲಿ ಮುಷ್ಟಿಯನ್ನು ಮುಳುಗಿಸಿ ಕಾದು, ಒಂದೊಂದೇ ಬೆರಳಿನ ಕೆಳಗೆ ತನ್ನ ಕಿರುಬೆರಳನ್ನು ತೂರಿಸಿ ಅವಳು ತೊಳೆಯುತ್ತಿದ್ದಳು. ಆದರೂ ಒಳಗಿನಿಂದ ಹಳಸಿದ ಮೊಸರಿನ ವಾಸನೆ ಬರುತ್ತಿತ್ತು. ಉಗುರು ಕತ್ತರಿಸುವುದು ಒಂದು ವಾರ ತಪ್ಪಿದರೆ ಅಂಗೈಯಲ್ಲಿ ಕೆಂಪು ಗುರುತು ಬೀಳುತ್ತಿತ್ತು. ಮಾವ ನೋವು ಎನ್ನುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಟಿವಿ ಕಡೆ ನೋಡುತ್ತಿದ್ದರು, ಟಿವಿ ಆಫ್ ಇದ್ದರೂ.

ಅದೇ ಮುಷ್ಟಿಗೆ ಅವರು ಒಂದು ಉಪಯೋಗವನ್ನೂ ಕಂಡುಕೊಂಡರು. ಬಲಗೈ ಕೋಲಿಗೆ ಬೇಕು, ಹಾಗಾಗಿ ಅಂಗಡಿಯಿಂದ ಏನೂ ತರುವಂತಿರಲಿಲ್ಲ. ಒಂದು ದಿನ ಹಾಲಿನ ಬೂತಿನ ಹೆಂಗಸಿಗೆ ಹೇಳಿ, ಬಟ್ಟೆ ಚೀಲದ ಹಿಡಿಯನ್ನು ಬಿಗಿದ ಬೆರಳುಗಳ ಸಂದಿಗೆ ಸಿಕ್ಕಿಸಿಕೊಂಡು ಮನೆಗೆ ಬಂದರು. ಗೋಡೆಯ ಕೊಕ್ಕೆಗೆ ನೇತುಹಾಕಿದ ಹಾಗೆ ಚೀಲ ಅಲ್ಲಾಡದೆ ನಿಂತಿತ್ತು. ಅಂದಿನಿಂದ ಬೆಳಗಿನ ಹಾಲು ಅವರದೇ. ನಾನು ತರುತ್ತೇನೆಂದರೆ, "ನೀವು ಆಲಿಗೆ ಓದ್ರೆ ಸರಿಯಾಗಿ ಎಣಿಸಿದ್ನೋ ಇಲ್ವೋ ಅಂತ ಎಲ್ಡು ಸಲ ಓಯ್ತೀರಿ ಮೇಷ್ಟ್ರೇ, ಕಾಪಿ ಲೇಟಾಗ್ತದೆ" ಎನ್ನುತ್ತಿದ್ದರು.

ಇಂಜೆಕ್ಷನ್ ವಿಷಯ ತಂದವಳು ಹೆಂಡತಿ. ಮೊದಲ ಸಲ ಆಸ್ಪತ್ರೆಗೆ ಹೊರಟ ಬೆಳಿಗ್ಗೆ, ಮಾವ ಸೆಟೆದ ಕಾಲನ್ನು ಎಳೆದುಕೊಂಡು ಆಟೊ ಹತ್ತುವ ರೀತಿ ನೋಡಿ ಡ್ರೈವರ್ ಕನ್ನಡಿಯಲ್ಲಿ ನಕ್ಕ.

"ಏನ್ ಸಾರ್, ಯಜಮಾನ್ರು ಬೆಳಿಗ್ಗೆ ಬೆಳಿಗ್ಗೆನೇ ಫುಲ್ ಟೈಟಾ?"

ನನಗೆ ಮೈ ಉರಿಯಿತು. ಮಾವ ಮಾತ್ರ ಸರಿದು ಕೂತು, "ಊ ಕಣಪ್ಪ, ಕೈಕಾಲೆಲ್ಲ ಟೈಟು. ಲೂಸ್ ಮಾಡ್ಸಕ್ಕೇ ಓಯ್ತಿರೋದು" ಎಂದರು.

"ಲೂಸ್ ಮಾಡೋ ಆಸ್ಪತ್ರೆ ಪೀಣ್ಯದಲ್ಲಿ ಯಾವ್ದೈತೆ ತಾತ? ಲೂಸ್ ಆದ್ಮೇಲೆ ಸೇರ್ಸೋದು ಆ ಕಡೆಗಲ್ವಾ?" ಎಂದು ಅವನು ಊರಿನ ಇನ್ನೊಂದು ದಿಕ್ಕಿಗೆ, ಹುಚ್ಚಾಸ್ಪತ್ರೆಯ ಕಡೆಗೆ, ಕೈ ತೋರಿಸಿದ. ನಮ್ಮ ಬೆಂಗಳೂರಿನಲ್ಲಿ ಟೈಟ್ ಎಂದರೆ ಕುಡಿದವನು, ಲೂಸ್ ಎಂದರೆ ತಲೆ ಕೆಟ್ಟವನು. ಇಬ್ಬರೂ ದಾರಿಯುದ್ದಕ್ಕೂ ಅದೇ ಎರಡು ಪದ ಹಿಡಿದು ನಕ್ಕರು. ಜಾಲಹಳ್ಳಿ ಕ್ರಾಸಿನಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡಾಗ ನಾನೊಬ್ಬನೇ ಗಡಿಯಾರ ನೋಡುತ್ತಿದ್ದೆ.

ಮುಕ್ಕಾಲು ಗಂಟೆಯ ಮೇಲೆ ಡಾಕ್ಟರು, ನರೆತ ಮೀಸೆಯ ಗಂಭೀರ ಮನುಷ್ಯ, ಚಿತ್ರ ಬರೆದು ವಿವರಿಸಿದರು. "ನೋಡಿ, ಟೈಟ್ ಆಗಿರೋ ಮಸಲ್‌ನ ನಾವು ಲೂಸ್ ಮಾಡ್ತೀವಿ, ಅಷ್ಟೇ." ಮಾವ ನನ್ನ ಕಡೆ ತಿರುಗಿ, ಬರುವಷ್ಟು ಅರ್ಧ ಮುಖದಲ್ಲಿ ನಕ್ಕರು. ಡಾಕ್ಟರಿಗೆ ಏನೆಂದು ತಿಳಿಯಲಿಲ್ಲ. ಮುಂದುವರಿದು ಹೇಳಿದರು: ಇದರಿಂದ ಬಿಗಿ ಕಳೆಯುತ್ತದೆ, ಶಕ್ತಿ ಬರುವುದಿಲ್ಲ. ಬಿಗಿ ಬಿಡಲು ಒಂದೆರಡು ವಾರ ಬೇಕು. ಮೂರು ನಾಲ್ಕು ತಿಂಗಳಿಗೆ ಮತ್ತೆ ಬಿಗಿ ಬರುತ್ತದೆ, ಆಗ ಮತ್ತೆ ಹಾಕಿಸಬೇಕು. ಅವರು ಹೀಗೆಯೇ ಹೇಳಿದರು ಎಂದು ನನ್ನ ನೆನಪು. ಮೂವರಲ್ಲಿ ಒಬ್ಬೊಬ್ಬರು ಒಂದೊಂದು ತುಂಡನ್ನು ಮಾತ್ರ ಕೇಳಿಸಿಕೊಂಡೆವು ಎಂಬುದು ಆಮೇಲೆ ಗೊತ್ತಾಯಿತು. ಹೆಂಡತಿ ಕೇಳಿದ್ದು 'ಬಿಗಿ ಕಳೆಯುತ್ತದೆ'. ನಾನು ಕೇಳಿದ್ದು 'ಮತ್ತೆ ಬರುತ್ತದೆ'. ಮಾವ ಏನು ಕೇಳಿಸಿಕೊಂಡರೋ ಅವರು ಹೇಳಲಿಲ್ಲ. ಚಕ್ಕಿಗೆ ಕೀ ಸಿಕ್ಕಿತು ಎಂದುಕೊಂಡಿರಬೇಕು.

ಸೂಜಿಗೆ ಒಂದು ತಂತಿ, ತಂತಿಗೆ ಒಂದು ಯಂತ್ರ. ಸರಿಯಾದ ಸ್ನಾಯುವಿನೊಳಗೆ ಸೂಜಿ ಹೋದಾಗ ಯಂತ್ರದಿಂದ ಗರಗರ ಸದ್ದು ಬರುತ್ತಿತ್ತು. ಮೊಣಕೈಯಿಂದ ಕೆಳಗೆ ಒಂದೊಂದೇ ಕಡೆ ಚುಚ್ಚುತ್ತಾ ಹೋದರು. ಸದ್ದು ಜೋರಾದಾಗ ಮಾವ, "ಸ್ಟೇಷನ್ ಸಿಕ್ತಾ ಸಾರ್? ಪ್ರದೇಶ ಸಮಾಚಾರ ಬಂದ್ರೆ ಏಳಿ" ಎಂದರು. ಆಗ ಮಾತ್ರ ಡಾಕ್ಟರು ನಕ್ಕರು. ಮಾವನ ಹಣೆಯಲ್ಲಿ ಬೆವರು ಹನಿಗಟ್ಟಿತ್ತು.

ಆಮೇಲಿನ ವಾರಗಳ ಬಗ್ಗೆ ನಮ್ಮ ಮನೆಯಲ್ಲಿ ಮೂರು ಕತೆಗಳಿವೆ. ಹೆಂಡತಿಯ ಪ್ರಕಾರ ಕೈ ಬೆಣ್ಣೆಯಂತಾಯಿತು, ಎರಡೇ ನಿಮಿಷದಲ್ಲಿ ತೊಳೆದು ಒರೆಸಿ ಪೌಡರ್ ಹಾಕುತ್ತಿದ್ದಳು. ಮಾವನ ಪ್ರಕಾರ ಏನೂ ಆಗಲಿಲ್ಲ. ನನಗೆ ಅವಳ ಮಾತನ್ನು ಪೂರ್ತಿ ಒಪ್ಪಲು ಆಗಲಿಲ್ಲ. ಬಿಸಿನೀರು, ತಾಳ್ಮೆ ಮೊದಲೂ ಇದ್ದವು; ಬಿಡುತ್ತದೆ ಎಂದು ನಂಬಿದ ಕೈ ಇನ್ನೊಂದು ಕೈಯನ್ನು ಬೇರೆ ಥರ ಹಿಡಿಯುತ್ತದೆ. ಆ ದಿನಗಳಲ್ಲಿ ಒಂದು ಬೆಳಿಗ್ಗೆ ಮಾವ ಪಂಚೆಯೆಲ್ಲ ಹಾಲು ಮಾಡಿಕೊಂಡು ಬಂದರು. "ನಾಯಿ ಅಡ್ಡ ಬಂತು" ಎಂದರು. ಮರುದಿನದಿಂದ ಹಾಲಿಗೆ ಹೋಗಲಿಲ್ಲ. ಬಿಸಿಲು ಜಾಸ್ತಿಯಾಗಿದೆ ಎಂದರು. ಬೆಳಿಗ್ಗೆ ಆರಕ್ಕೆ ಎಂಥ ಬಿಸಿಲು ಎಂದು ಕೇಳಬೇಕಿತ್ತು, ಎಲ್ಲದಕ್ಕೂ ಪ್ರಶ್ನೆ ಕೇಳುವ ನನಗೆ ಅದು ಹೊಳೆಯಲಿಲ್ಲ. ನಾನೇ ಹಾಲು ತರತೊಡಗಿದೆ. ಅವರು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು, ನಾನು ಬರುವವರೆಗೂ ಬೀದಿ ನೋಡುತ್ತಿದ್ದರು.

ಮತದಾನ ಬಂದದ್ದು ಅದರ ನಡುವೆ, ಇಂಜೆಕ್ಷನ್ ಆಗಿ ತಿಂಗಳ ಮೇಲೆ. ಹೆಂಡತಿಯ ಹೆಸರು ಪಕ್ಕದ ಕೊಠಡಿಯ ಪಟ್ಟಿಯಲ್ಲಿತ್ತು. ಮಾವನ ಜೊತೆ ನಾನಿದ್ದೆ. ಬಲಗೈಯಲ್ಲಿ ಕೋಲು, ಅದನ್ನು ಬಿಟ್ಟರೆ ನಿಲ್ಲಲಾರರು. ಎಡಗೈ ಗುಂಡಿ ಒತ್ತಲಾರದು. ಅಧಿಕಾರಿ ನೋಡಿ, ಅವರು ಹೇಳಿದ ಗುಂಡಿಯನ್ನು ನಾನು ಒತ್ತಬಹುದೆಂದು ಒಪ್ಪಿದರು. ಮಸಿಯ ವಿಷಯ ಬಂದಾಗ ಆ ಮಹಿಳೆ ಏನೋ ಹೇಳಿದರು, 'ಬಲಗೈ' ಎಂಬ ಮಾತು ಅಲ್ಲಿ ಬಂದದ್ದು ನನಗೂ ನೆನಪಿದೆ. ಹೊರಗೆ ಬಂದು ಮಾವನನ್ನು ಗೇಟಿನ ಕಟ್ಟೆಯ ಮೇಲೆ ಕೂರಿಸಿದೆವು. ಎಲ್ಲರೂ ಮಾಡುವ ಹಾಗೆ ಹೆಂಡತಿಯೂ ಮೂವರ ಮಸಿ ಬೆರಳುಗಳನ್ನು ಸಾಲಾಗಿ ಜೋಡಿಸಿ ಹತ್ತಿರದಿಂದ ಒಂದು ಫೋಟೊ ತೆಗೆದು, ತನ್ನ ತಂಗಿಗೆ ಕಳಿಸಿದಳು. ಆಮೇಲೆ ಇಡ್ಲಿ ತಿಂದೆವು. ಅಥವಾ ಇಡ್ಲಿ ತಿಂದದ್ದು ಅದರ ಹಿಂದಿನ ಚುನಾವಣೆಯಲ್ಲಿ, ಅತ್ತೆ ಇದ್ದಾಗ.

ಎರಡನೇ ಸಲ ಇಂಜೆಕ್ಷನ್ ಹಾಕಿಸಲು ಮಾವ ಒಪ್ಪಲಿಲ್ಲ. "ಉಪಯೋಗ ಇಲ್ದಿದ್ದಕ್ಕೆ ಯಾಕೆ ಚುಚ್ಚಿಸ್ಕೊಳ್ಳೋದು? ಮೇಷ್ಟ್ರನ್ನೇ ಕೇಳು, ಅವ್ರಿಗೂ ನಂಬ್ಕೆ ಇಲ್ಲ" ಎಂದು ಮಗಳಿಗೆ ಹೇಳಿದರು. ನನಗೆ ನಂಬಿಕೆ ಇಲ್ಲವೆಂದು ನಾನು ಹೇಳಿರಲಿಲ್ಲ, ಇದೆ ಎಂದೂ ಹೇಳಿರಲಿಲ್ಲ. ಮಳೆಗಾಲ ಬರುವ ಹೊತ್ತಿಗೆ ಮುಷ್ಟಿ ಹಳೆಯ ಬಿಗಿಗೆ ಮರಳಿತು. ಮಾವ ಮತ್ತೆ ಚೀಲ ಸಿಕ್ಕಿಸಿಕೊಂಡು ಹಾಲಿಗೆ ಹೊರಟರು.

ಒಂದು ವರ್ಷದ ಮೇಲೆ ಹೀಗೇ ಕಳೆಯಿತು. ಆ ವರ್ಷದಲ್ಲಿ ಹೆಂಡತಿ ಸೊರಗಿದಳು. ಬಿಗಿ ಮೊದಲಿಗಿಂತ ಹೆಚ್ಚಾಗಿತ್ತು, ಈಗ ಬಿಸಿನೀರಿಗೂ ಬೆರಳು ಬಗ್ಗುತ್ತಿರಲಿಲ್ಲ. ಒಂದು ದಿನ ಹೆಬ್ಬೆರಳಿನ ಬುಡದಲ್ಲಿ ಚರ್ಮ ಒಡೆದು ಕೀವು ಕಂಡಿತು. ಅವಳು ಬಚ್ಚಲಿನಿಂದ ಹೊರಗೆ ಬಂದು, ಸೋಪಿನ ಕೈಯಲ್ಲೇ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. "ನನ್ಗೆ ಆಗಲ್ಲ ಕಣ್ರೀ. ಅವ್ರಿಗೆ ನೋವಾಗ್ತಿದೆ ಅಂತ ಗೊತ್ತಿದ್ದೂ ದಿನಾ ಎಳೀಬೇಕು. ಆ ಕೈ ಕೊಳೀತಿದೆ. ನೀವಿಬ್ರೂ ವಾದ ಮಾಡ್ಕೊಂಡು ಕೂತಿರಿ" ಎಂದಳು. ನಾವು ವಾದವನ್ನೇನೂ ಮಾಡುತ್ತಿರಲಿಲ್ಲ. ಮಾವ ಪೇಪರ್ ಓದುತ್ತಿದ್ದರು, ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಆದರೂ ಅವಳು ಹೇಳಿದ್ದು ಸರಿಯೆನಿಸಿತು.

ಮೀಸೆಯ ಡಾಕ್ಟರು ಊರು ಬಿಟ್ಟಿದ್ದರು. ಅವರ ಜಾಗದಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಹಳೆಯ ಚೀಟಿಯಲ್ಲಿ ಏನು ಹಾಕಿದರೆಂದು ಇತ್ತು, ಹಾಕಿದ್ದರಿಂದ ಏನಾಯಿತೆಂದು ಇರಲಿಲ್ಲ. ನಾವು ತೋರಿಸಲು ತಿರುಗಿ ಹೋಗಿದ್ದರೆ ತಾನೆ.

ಗಾಯಕ್ಕೆ ಔಷಧಿ ಹಚ್ಚಿ ಅವರು ಕೇಳಿದರು, "ಹೋದ್ ಸಲ ಎಷ್ಟು ಲೂಸ್ ಆಗಿತ್ತು?"

"ಬೆಣ್ಣೆ ಥರ ಆಗಿತ್ತು ಮೇಡಂ" ಎಂದಳು ಹೆಂಡತಿ.

"ಏನೂ ಆಗ್ಲಿಲ್ಲ" ಎಂದರು ಮಾವ.

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಮತಗಟ್ಟೆಯ ವಿಷಯ ಹೇಳಿದೆ. ಅಭ್ಯಾಸವಿಲ್ಲದ, ಯಾವ ನಿರೀಕ್ಷೆಯೂ ಇಲ್ಲದ ಅಪರಿಚಿತರೊಬ್ಬರು, ಬಿಸಿನೀರಿಲ್ಲದೆ, ನೋವಾಗದೆ ಬೆರಳು ಬಿಡಿಸಿದ್ದರು ಎಂದೆ. ಬೆಣ್ಣೆಯ ಮಾತಿಗಿಂತ ಇದು ಗಟ್ಟಿ ಎಂದು ನನಗನಿಸಿತ್ತು.

"ಎಲ್ಲಿ ಬಿಡಿಸಿದ್ರು?" ಎಂದು ಮಾವ ತಿರುಗಿದರು. "ಆಕಿದ್ದು ಬಲಗೈಗೆ. 'ಬಲಗೈ ಕೊಡಿ' ಅಂತ ಆ ಎಣ್ಣುಮಗಳು ಅಂದಿದ್ದು ಕಿವಿಯಾರೆ ಕೇಳಿದೀನಿ. ಕೋಲು ಇಡ್ಕೊಂಡಂಗೇ ಬೆರಳು ಎತ್ತಿದೆ, ಬಳಿದ್ಲು."

"ಅದು ನನಗೆ ಅಂದಿದ್ದಿರಬೇಕು ಮಾವ. ನಿಮ್ಮ ಪರವಾಗಿ ಗುಂಡಿ ಒತ್ತಿದ್ದಕ್ಕೆ ನನ್ನ ಬಲಗೈಗೂ ಹಚ್ಚಿದ್ರು. ಕಾಲೇಜಲ್ಲಿ ಎರಡು ಓಟಾ ಸಾರ್ ಅಂತ ನಕ್ಕಿದ್ರು."

"ಇರ್ಬೇಕು ಅಂತೀರಲ್ಲ. ಇತ್ತು ಅಂತ ಏಳಿ ನೋಡಣ."

ಕಾಲೇಜಿನಲ್ಲಿ ನಕ್ಕದ್ದು ಅದೇ ಚುನಾವಣೆಯಲ್ಲಿಯೇ ಎಂದು ಆ ಕ್ಷಣ ನನಗೆ ಅನುಮಾನ ಬಂತು. ಹೆಂಡತಿಯನ್ನು ನೋಡಿದೆ.

"ನನ್ನೇನ್ ನೋಡ್ತೀರಾ? ಕೈ ಹಿಡ್ಕೊಂಡಿದ್ದು ನೀವು. ಆ ಬಿಸಿಲಲ್ಲಿ ನನಗೆ ಫೋನಿನ ಸ್ಕ್ರೀನೇ ಕಾಣ್ತಿರ್ಲಿಲ್ಲ. ಆ ಫೋನೂ ಬಿದ್ದು ಒಡೆದೋಯ್ತು. ದಿನಾ ತೊಳೆಯೋಳು ಮೆತ್ತಗಾಗಿತ್ತು ಅಂದ್ರೆ ಲೆಕ್ಕಕ್ಕಿಲ್ಲ, ಯಾರೋ ಓಟಿನ ಮೇಡಂ ಬೆರಳು ಎತ್ತಿದ್ಲಾ ಅಂತ ಸಾಕ್ಷಿ!"

ಡಾಕ್ಟರಮ್ಮ ನಗು ತಡೆದುಕೊಂಡು, ಕುರ್ಚಿಯನ್ನು ಮಾವನ ಹತ್ತಿರಕ್ಕೆ ಎಳೆದುಕೊಂಡರು. "ಅಪ್ಪಾಜಿ, ಈ ಕೈಯಿಂದ ಈಗ ಏನಾದ್ರೂ ಕೆಲಸ ಮಾಡ್ತೀರಾ?"

"ಆಲು ತರ್ತೀನಿ."

"ಹೇಗೆ?"

ಮಾವ ನನ್ನ ಕಾಲೇಜಿನ ಚೀಲವನ್ನು ಕೋಲಿನಿಂದ ತೋರಿಸಿದರು. ಹಿಡಿಯನ್ನು ನಾನೇ ಅವರ ಮುಷ್ಟಿಗೆ ಸಿಕ್ಕಿಸಿದೆ. ಅವರು ಎದ್ದು, ಕೋಲು ಊರುತ್ತಾ ಗೋಡೆಯವರೆಗೆ ನಡೆದು ತಿರುಗಿ ಬಂದರು. ಪುಸ್ತಕ ತುಂಬಿದ ಚೀಲ ಕದಲಲಿಲ್ಲ. ಗಾಯದ ಪಟ್ಟಿಯಲ್ಲಿ ಸ್ವಲ್ಪ ರಕ್ತ ಒಸರಿತು.

"ಇಂಜೆಕ್ಷನ್ ಆದ್ಮೇಲೂ ಹೀಗೇ ತಂದ್ರಾ?"

ಅವರು ಕೂತು ಉಸಿರು ತೆಗೆದುಕೊಂಡರು.

"ನಾಯಿ ಅಡ್ಡ ಬಂತು ಅಂದ್ರಲ್ಲಪ್ಪ ಆಗ?" ಎಂದಳು ಹೆಂಡತಿ.

"ನಾಯೀನೂ ಬರ್ಲಿಲ್ಲ, ನರೀನೂ ಬರ್ಲಿಲ್ಲ ಕಣಮ್ಮ. ಸುಮ್ನೆ ನಡೀತಿದ್ದೆ. ಚೀಲ ಜಾರ್ತು. ಬೆರಳು ಇಡೀಲಿಲ್ಲ. ಬೂತ್‌ನೋಳು ಓಡ್ಬಂದು ಎತ್ತಿಕೊಟ್ಳು. ಬಿಡ್ಸೋಕೆ ಬಂದ್ರೆ ಸಾಕಾ? ಇಡೀಬೇಕಲ್ಲ. ಇಡೀದೇ ಇರೋ ಚಕ್ ಇಟ್ಕೊಂಡು ಏನ್ ಮಾಡ್ಲಿ, ಗೇಟ್ ಅತ್ರ ಕುರ್ಚಿ ಆಕ್ಕೊಂಡು ಕೂರ್ಲಾ?"

ಹೆಂಡತಿ ಅಪ್ಪನ ಪಂಚೆಯ ಅಂಚಿಗೆ ಅಂಟಿದ್ದ ಹತ್ತಿಯ ಚೂರನ್ನು ಬಿಡಿಸಿ ತೆಗೆದಳು. ನನಗೆ ಆಗ ಅನಿಸಿದ್ದು ಬರೀ ಸುಸ್ತು. ಇಷ್ಟು ದಿನ 'ಕೆಲಸ ಮಾಡಿತೋ ಇಲ್ಲವೋ' ಎಂದು ಮೂವರೂ ಕೇಳಿಕೊಂಡೆವು. ಯಾರ ಕೆಲಸ ಎಂದು ಕೇಳಿಕೊಂಡಿರಲಿಲ್ಲ. ಅವಳಿಗೆ ಬೇಕಾದದ್ದು ತೆರೆಯುವ ಕೈ, ಅವರಿಗೆ ಬೇಕಾದದ್ದು ಕಚ್ಚುವ ಕೈ. ಇರುವುದು ಒಂದೇ ಕೈ.

ಡಾಕ್ಟರಮ್ಮ ಮಾತ್ರ ಚುರುಕಾದರು. "ಇದು ಮೊದಲೇ ಗೊತ್ತಾಗ್ಬೇಕಿತ್ತು. ಹೆಬ್ಬೆರಳು, ಮಣಿಕಟ್ಟಿಗೆ ಸರಿಯಾಗಿ ಹಾಕಿ, ಬೆರಳುಗಳಿಗೆ ಹೋದ್ ಸಲಕ್ಕಿಂತ ಕಡಿಮೆ ಹಾಕಬಹುದು. ತೊಳೆಯೋಷ್ಟು ಬಿಡುತ್ತೆ, ಚೀಲ ಹಿಡಿಯೋಷ್ಟು ಉಳಿಯುತ್ತೆ. ಉಳಿದ್ರೂ ಉಳೀಬಹುದು ಅಂತ ಹೇಳ್ತೀನಿ, ಗ್ಯಾರಂಟಿ ಇಲ್ಲ. ಆದ್ರೆ ಹೋದ್ ಸಲ ಬೆರಳು ಪೂರ್ತಿ ಬಿಟ್ಕೊಂಡಿದ್ರೆ ಮಾತ್ರ ಕಡಿಮೆ ಮಾಡೋದ್ರಲ್ಲಿ ಅರ್ಥ ಇದೆ. ಆಗಲೇ ಅರ್ಧಂಬರ್ಧ ಬಿಟ್ಟಿದ್ರೆ, ಕಡಿಮೆ ಹಾಕಿದ್ರೆ ಏನೂ ಆಗಲ್ಲ, ಸುಮ್ನೆ ಚುಚ್ಚಿದ ಹಾಗೆ."

"ಹಾಲು ಬಿತ್ತಲ್ಲ ಮೇಡಂ" ಎಂದಳು ಹೆಂಡತಿ.

"ಹಾಲು ಬೀಳೋಕೆ ಅರ್ಧ ಬಿಟ್ರೂ ಸಾಕು." ಮತ್ತೆ ನನ್ನ ಕಡೆ ತಿರುಗಿದರು. "ಸಾರ್, ಆ ಬೆರಳು ಪೂರ್ತಿ ನೆಟ್ಟಗಾಗಿತ್ತಾ?"

ಕಿಟಕಿಯಾಚೆಯ ಹೊಂಗೆ ಮರ ನೆನಪಾಯಿತು. "ಆಗಿತ್ತು ಅಂತ ನನ್ನ ನೆನಪು. ಆದ್ರೆ ನನ್ನ ನೆನಪಿನ ಮೇಲೆ ಹೋಗ್ಬೇಡಿ."

"ಮತ್ತೆ ಯಾರ ನೆನಪಿನ ಮೇಲೆ ಹೋಗ್ಲಿ ಸಾರ್? ಅವ್ರು ಇಲ್ಲ ಅಂತಾರೆ, ಇವ್ರು ಬೆಣ್ಣೆ ಅಂತಾರೆ."

ಮಾವ ಕೋಲಿನ ತುದಿ ನೋಡುತ್ತಾ ಕೂತಿದ್ದವರು ತಲೆ ಎತ್ತಿದರು. "ಮೇಷ್ಟ್ರ ಲೆಕ್ಕಾನೇ ಇರ್ಲಿ ಕಣವ್ವ. ಕಮ್ಮಿ ಆಕು." ಬೆರಳು ಬಲಗೈಯದೆಂದು ಅಷ್ಟು ಹಟ ಹಿಡಿದವರು ನನ್ನ ಮಾತಿಗೆ ಒಪ್ಪಿದರೋ, ಕಮ್ಮಿ ಎಂಬ ಮಾತಿಗೆ ಒಪ್ಪಿದರೋ ನನಗೆ ತಿಳಿಯಲಿಲ್ಲ. ಈ ಸಲ ಯಂತ್ರ ಗರಗರ ಎಂದಾಗ ಅವರು ರೇಡಿಯೋ ಜೋಕು ಮಾಡಲಿಲ್ಲ.

ವಾಪಸು ಬರುವಾಗ ಹೆಸರಘಟ್ಟ ರಸ್ತೆಯಲ್ಲಿ ಗಾಡಿಗಳು ಇಂಚಿಂಚು ಸರಿಯುತ್ತಿದ್ದವು. ಮಾವ ಹೆಂಡತಿಯ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದರು. ನಾನು ತಪ್ಪು ಹೇಳಿದ್ದರೆ ಈ ನೋವೆಲ್ಲ ದಂಡ, ಅವಳು ಮತ್ತೆ ಮೂರು ನಾಲ್ಕು ತಿಂಗಳು ಆ ಗಾಯ ತೊಳೆಯಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಫಲ ಬಂದದ್ದು ನಿಧಾನವಾಗಿ, ಅದೂ ಸಂಭ್ರಮಿಸುವಷ್ಟಲ್ಲ. ಮೂರನೆಯ ವಾರಕ್ಕೆ ಹೆಬ್ಬೆರಳು ಹೊರಗೆ ಬಂತು, ಗಾಯ ಒಣಗತೊಡಗಿತು. ಬೆರಳುಗಳು ಬಿಸಿನೀರಿನಲ್ಲಿ ಅರ್ಧ ತೆರೆಯುತ್ತಿದ್ದವು, ಮಡಚಿದ ಬಟ್ಟೆಯೊಂದನ್ನು ಒಳಗೆ ತೂರಿಸಿ ಒರೆಸುವಷ್ಟು. ವಾಸನೆ ಹೋಯಿತು, ಪೂರ್ತಿ ಅಲ್ಲ. ಒಂದು ಭಾನುವಾರ ಬೆಳಿಗ್ಗೆ ಮಾವ ಯಾರಿಗೂ ಹೇಳದೆ ಚೀಲದೊಂದಿಗೆ ಹೊರಟರು. ನಾನು ಗೇಟಿನ ಹತ್ತಿರ ಅವರ ಕುರ್ಚಿಯಲ್ಲೇ ಕೂತು ಕಾದೆ. ಅರ್ಧ ಲೀಟರಿನ ಒಂದು ಪ್ಯಾಕೆಟ್ಟಿನ ಜೊತೆ ಬಂದರು. ಚೀಲ ಬೆರಳ ತುದಿಗೆ ಜಾರಿತ್ತು, ಬಿದ್ದಿರಲಿಲ್ಲ. "ಎಲ್ಡು ಆಗಲ್ಲ. ಇನ್ನೊಂದು ನೀವು ತಂದ್ಕೊಳ್ಳಿ" ಎಂದರು. ಅಂದಿನಿಂದ ನಮ್ಮ ಮನೆಯ ಹಾಲು ಎರಡು ಕಂತಿನಲ್ಲಿ ಬರುತ್ತದೆ. ಕೆಲವು ದಿನ ಅವರ ಪ್ಯಾಕೆಟ್ಟೂ ನನ್ನ ಪಾಲಿಗೆ ಬೀಳುತ್ತದೆ. ಇನ್ನು ಕೆಲವು ತಿಂಗಳಿಗೆ ಮತ್ತೆ ಸೂಜಿ, ಮತ್ತೆ 'ಹೋದ್ ಸಲ ಹೇಗಿತ್ತು' ಎಂಬ ಪ್ರಶ್ನೆ.

ಆ ಫೋಟೊವನ್ನು ಕಳಿಸು ಎಂದು ನಾದಿನಿಗೆ ಎರಡು ಸಲ ಹೇಳಿದ್ದೆ. ಹುಡುಕುತ್ತೀನಿ ಭಾವ ಎಂದಿದ್ದಳು, ಹುಡುಕಿರಲಿಲ್ಲ. ಅವಳಿರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಊರಿನ ಈ ತುದಿಯಿಂದ ಆ ತುದಿಗೆ ನಾವು ಹೋಗುವುದು ಹಬ್ಬಕ್ಕೋ ಹೆಸರಿಡುವುದಕ್ಕೋ. ಹಾಗೆ ಹೋದ ಒಂದು ಮಧ್ಯಾಹ್ನ, ಊಟವಾಗಿ ಎಲ್ಲರೂ ಗೋಡೆಗೊರಗಿ ಕೂತಿದ್ದಾಗ, ಅವಳ ಫೋನನ್ನು ಕೇಳಿ ತೆಗೆದುಕೊಂಡು ಹಳೆಯ ಚಿತ್ರಗಳನ್ನು ಹಿಂದಕ್ಕೆ ಹಿಂದಕ್ಕೆ ಸರಿಸಿದೆ. ಸಿಕ್ಕಿತು. ಮುಖಗಳಿಲ್ಲ, ಬಿಸಿಲಿಗೆ ಮಾಸಿದ ಮೂರು ಬೆರಳು. ಬಣ್ಣ ಹಚ್ಚಿದ ಉಗುರು ಹೆಂಡತಿಯದು. ಕಡ್ಡಿಯಂಥದ್ದು ನನ್ನದು. ಮೂರನೆಯದು ದಪ್ಪ, ಗಣ್ಣಿನ ಮೇಲೆ ಬಿಳಿ ಕೂದಲು, ಬಾಗಿಲ್ಲ, ನೆಟ್ಟಗಿದೆ. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಮಸಿ ಬಿದ್ದ ಉಗುರು ಇಡಿಯಾಗಿತ್ತು, ಪ್ರೆಸ್ಸಿಗೆ ಸಿಕ್ಕ ಬೆರಳಿನದರ ಹಾಗೆ ನಡುವೆ ಸೀಳಿರಲಿಲ್ಲ. ಎಡಗೈ.